ನಲವತ್ತು ನಿಮಿಷದ ನೀರು

ದಾವಣಗೆರೆಯ ಪಂಪ್‌ಸೆಟ್ ವ್ಯಾಪಾರಿಗಳ ಮನೆಗಳಲ್ಲಿ ಅನ್ನಪೂರ್ಣಮ್ಮನ ಬಗ್ಗೆ ಹೇಳುವ ಮಾತು ಒಂದೇ: ಮಾರಿಷಸ್‌ನಲ್ಲಿ ಗಂಡ ಸಾಯುವ ಹಾಗಾಗಿದ್ದಾಗ ಆಕೆ ನೀರಿನಲ್ಲಿ ಮೀನು ನೋಡುತ್ತಿದ್ದಳು. ಮಾತು ಸುಳ್ಳಲ್ಲ. ಆದರೆ ಆ ದಿನ ಬೆಳಗಿನ ನಾಲ್ಕಕ್ಕೆ ಎದ್ದವರು ಯಾರು, ಆರಕ್ಕೆ ಎದ್ದವರು ಯಾರು ಎಂಬುದನ್ನು ಹೇಳುವವರು ಸೇರಿಸುವುದಿಲ್ಲ.

ಶಿವಯೋಗಪ್ಪನದು ಮಂಡಿಪೇಟೆಯಲ್ಲಿ ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ. ೧೯೯೮ರಲ್ಲಿ ಸುತ್ತಿನ ಹಳ್ಳಿಗಳಲ್ಲಿ ಕೊಳವೆಬಾವಿ ಕೊರೆಸುವ ಭರಾಟೆ. ಅತಿ ಹೆಚ್ಚು ಪಂಪ್ ಮಾರಿದ ಹತ್ತು ಡೀಲರುಗಳನ್ನು ಕಂಪನಿ ಹೆಂಡತಿಯರ ಸಮೇತ ಆರು ದಿನ ಮಾರಿಷಸ್‌ಗೆ ಕರೆದೊಯ್ಯುವುದಾಗಿ ಕಾಗದ ಕಳಿಸಿತು. ಜೊತೆಗೆ ನುಣುಪಾದ ಬಣ್ಣದ ಹಾಳೆ. ಅದು ಇಂಗ್ಲಿಷಿನಲ್ಲಿತ್ತು. ಬಿ.ಕಾಂ. ಓದುತ್ತಿದ್ದ ಮಗಳು ಅಂಕಿತಾ ಅಮ್ಮನಿಗೆ ಓದಿ ಹೇಳಿದಳು.

"ನಾಲ್ಕನೇ ದಿನ ಕ್ಯಾಟಮರಾನ್. ಎರಡು ದೋಣಿ ಜೋಡಿಸಿ ನಡುವೆ ಬಲೆ ಕಟ್ಟಿರ್ತಾರಮ್ಮ. ಸಮುದ್ರದಾಗ ಒಂದು ಕಡೆ ನಿಲ್ಲಿಸ್ತಾರೆ. ಕಣ್ಣಿಗೆ ಗಾಜು, ಬಾಯಿಗೆ ಕೊಳವೆ. ನೀರಿನ ಮ್ಯಾಲೆ ಬೋರಲು ಮಲಗಿದ್ರೆ ತಳದಾಗಿರೋದೆಲ್ಲ ಕಾಣ್ತೈತಂತೆ. ನಲವತ್ತು ನಿಮಿಷ."

"ಈಜು ಬರಬೇಕಲ್ಲೇ?"

"ಬ್ಯಾಡ. ತೇಲೋ ಜಾಕೀಟು ಕೊಡ್ತಾರೆ. ತಿಂಡಿ, ಊಟ, ಜ್ಯೂಸು, ಎಲ್ಲಾ ಸೇರೇ ಐತೆ."

"ಎಲ್ಲಾ ಅಂದ್ರೆ? ಪಾತ್ರೆ ತೊಳಿಯೋದೂನಾ?"

ಅಂಕಿತಾ ಬಿದ್ದು ಬಿದ್ದು ನಕ್ಕಳು. ಅಮ್ಮ ತಮಾಷೆಗೆ ಕೇಳಿರಲಿಲ್ಲ.

ಅನ್ನಪೂರ್ಣಮ್ಮನ ತವರು ಕೊಂಡಜ್ಜಿ. ಕೆರೆಯ ದಂಡೆಯ ಮೇಲೆಯೇ ಮನೆ. ಅಣ್ಣಂದಿರು ಈಜು ಬಿದ್ದು ಆ ದಡ ಮುಟ್ಟಿ ಬರುವಷ್ಟರಲ್ಲಿ ಆಕೆ ಅವರ ಬಟ್ಟೆ ಒಗೆದು ಹಿಂಡಿ ಮುಗಿಸಿರುತ್ತಿದ್ದಳು. ಒಗೆಯುವ ಕಲ್ಲಿನಿಂದ ಆಚೆ, ಮೊಣಕಾಲು ಮುಳುಗುವಷ್ಟು ದೂರ ಕೂಡ ಹೋದವಳಲ್ಲ. ದಾವಣಗೆರೆಗೆ ಮದುವೆಯಾಗಿ ಬಂದ ಮೇಲೆ ನೀರು ಎಂದರೆ ಮೂರು ದಿನಕ್ಕೊಮ್ಮೆ ನಲ್ಲಿಯಲ್ಲಿ ಬರುವುದು, ಡ್ರಮ್ಮಿಗೆ ತುಂಬುವುದು, ಮಹಡಿಗೆ ಹೊರುವುದು. ಈ ನಲವತ್ತೇಳರ ವಯಸ್ಸಿನವರೆಗೂ ನೀರನ್ನು ಎತ್ತಿಯೇ ಬಂದಿದ್ದಾಳೆ. ನೀರು ತನ್ನನ್ನು ಎತ್ತುತ್ತದೆ ಎಂಬ ಮಾತು ಆಕೆಯ ತಲೆಯಲ್ಲಿ ಕೂತುಬಿಟ್ಟಿತು. ಅಂಕಿತಾಳ ಒಂದು ಕಂದು ಚೂಡಿದಾರ್‌ನ ಪಕ್ಕದ ಹೊಲಿಗೆ ಬಿಚ್ಚಿ ಅಗಲ ಮಾಡಿ, ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡಳು. ಗಂಡನಿಗೆ ಹೇಳಲಿಲ್ಲ.

ಅದರ ಮೇಲೆ ತುಂಬಿದ್ದು ಮೂವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ನೀರು ಕಾಯಿಸುವ ಕಾಯಿಲ್, ತಾಮ್ರದ ಗಿಂಡಿ, ವಿಭೂತಿ, ಒಣಗಿಸಿದ ಪತ್ರೆ. "ಅಲ್ಲಿ ಮೀನು ಸುಟ್ಟ ಕಾವಲಿ ಮ್ಯಾಲೇ ನಮಗೂ ಮಾಡ್ತಾರೆ. ನಾ ಮುಟ್ಟಂಗಿಲ್ಲ" ಎಂದು ಶಿವಯೋಗಪ್ಪ ಮೊದಲೇ ಹೇಳಿದ್ದ. ಆತನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಗಡಿಯಾರ ನೋಡಿ ಒಂಬತ್ತೂವರೆಗೆ ಮಾತ್ರೆ, ಆಮೇಲೆ ಲಿಂಗಪೂಜೆ, ಆಮೇಲೆ ತಿಂಡಿ. ಪೂಜೆಯಾಗದೆ ಹನಿ ನೀರೂ ಇಲ್ಲ. ಪೂಜೆ ಎಂದರೆ ಅನ್ನಪೂರ್ಣಮ್ಮ ಚಾಪೆ ಹಾಸಬೇಕು, ಗಿಂಡಿಗೆ ನೀರು ತುಂಬಬೇಕು, ವಿಭೂತಿ, ಪತ್ರೆ ಜೋಡಿಸಬೇಕು. ಆತ ಬಂದು ಕೂತು, ಕೊರಳಿನ ಲಿಂಗವನ್ನು ಎಡಗೈ ಮೇಲಿಟ್ಟು ಕಣ್ಣು ಮುಚ್ಚುತ್ತಾನೆ. ಕಣ್ಣು ತೆರೆದಾಗ ತಟ್ಟೆ ಎದುರಿಗಿರಬೇಕು. ಆಕೆಗೂ ಕೊರಳಲ್ಲಿ ಲಿಂಗವಿದೆ. ಆಕೆಯ ಪೂಜೆ ಹಾಲು ಕಾಯುವಷ್ಟರಲ್ಲಿ ಮುಗಿಯುತ್ತದೆ.

ನಾಲ್ಕನೇ ದಿನ ಹೋಟೆಲ್ ಕೋಣೆಯಲ್ಲಿ ನಾಲ್ಕಕ್ಕೆ ಎದ್ದು, ಸ್ನಾನ, ಪೂಜೆ ಮುಗಿಸಿ, ಕೈತೊಳೆಯುವ ಬೇಸಿನ್ನಿನಲ್ಲಿ ಅವಲಕ್ಕಿ ತೊಳೆದು ಕಲಸಿದಳು. ಶಿವಯೋಗಪ್ಪ ಆರಕ್ಕೆ ಎದ್ದ. ಆರೂವರೆಗೆ ಕೆಳಗೆ ಬಸ್ಸಿನ ಹಾರನ್ನು. "ಪೂಜೆ ದೋಣ್ಯಾಗೇ ಮಾಡ್ತೀನಿ ಬಿಡು" ಎಂದ. ಪೂಜೆಯ ಸಾಮಾನು, ಅವಲಕ್ಕಿ ಡಬ್ಬಿ, ರೊಟ್ಟಿ ಎಲ್ಲ ಒಂದೇ ರೆಕ್ಸಿನ್ ಚೀಲಕ್ಕೆ ಹೋಯಿತು. ಚೂಡಿದಾರ್ ಆಕೆಯ ಕೈಚೀಲಕ್ಕೆ ಹೋಯಿತು.

ದೋಣಿ ಒಂಬತ್ತಕ್ಕೆ ಹೊರಟಿತು. ಬಿಳಿ ಹಾಯಿ, ಬಿಳಿ ನೆಲ. ದೋಣಿಯವರು ತಟ್ಟೆಯಲ್ಲಿ ಅನಾನಸ್, ಬಾಳೆಹಣ್ಣು, ಬ್ರೆಡ್ಡು, ಜೊತೆಗೆ ಕಪ್ಪು ಸೋಡಾದ ಬಾಟಲಿಗಳನ್ನು ತಂದರು. ಶಿವಯೋಗಪ್ಪ ಕೈ ಅಡ್ಡ ಮಾಡಿದ. ಅಲೆಗೆ ದೋಣಿ ಅತ್ತಿತ್ತ ಆಡುತ್ತಿತ್ತು. ಅಂಗೈ ಮೇಲೆ ಲಿಂಗ ಇಟ್ಟುಕೊಳ್ಳುವ ಹಾಗಿರಲಿಲ್ಲ. ಒಂಬತ್ತೂವರೆ ಆದದ್ದೇ ಆತ ಗಡಿಯಾರ ನೋಡಿ ಜೇಬಿನಿಂದ ಮಾತ್ರೆ ತೆಗೆದು ಒಣ ಬಾಯಲ್ಲೇ ನುಂಗಿದ.

"ಈಗ ಯಾಕ ತಗಂಡ್ರಿ? ತಿನ್ನಾಕ ಎಷ್ಟೊತ್ತು ಆಗ್ತೈತೋ" ಎಂದಳು ಅನ್ನಪೂರ್ಣಮ್ಮ.

"ಡಾಕ್ಟ್ರು ಹೇಳಿದ್ದು ಒಂಬತ್ತೂವರಿಗೆ. ದೋಣಿ ನಿಲ್ಲಲಿ, ಪೂಜೆ ಮಾಡಿ ತಿಂತೀನಿ."

ದೋಣಿ ನಿಂತದ್ದು ಹತ್ತೂವರೆಗೆ. ದೂರದಲ್ಲಿ ಬಿಳಿ ನೊರೆಯ ಗೆರೆ. ಅದರಿಂದ ಈಚೆ ನೀರು ತಟ್ಟೆಯಲ್ಲಿ ಹಿಡಿದಿಟ್ಟ ಹಾಗೆ ಅಲುಗದೆ ಇತ್ತು. ಜನರನ್ನು ನೀರಿಗಿಳಿಸುವ ಕೆಲಸ ನರೆಗೂದಲಿನ ಒಬ್ಬ ಹೆಂಗಸಿನದು. ತಾತನ ಕಾಲದಲ್ಲಿ ಬಿಹಾರದಿಂದ ಬಂದ ಮನೆತನವಂತೆ, ಹಿಂದಿ ಆಡುತ್ತಿದ್ದಳು. ಏಣಿ ಇಳಿಬಿಟ್ಟು, "ಚಾಲೀಸ್ ಮಿನಿಟ್, ಸಿರ್ಫ್ ಚಾಲೀಸ್" ಎಂದು ನಲವತ್ತೇ ನಿಮಿಷದ ಗಡುವು ಕೂಗಿದಳು. ಗಂಡಸರು ಅಂಗಿ ಕಳಚತೊಡಗಿದರು. ಹರಿಹರದ ಡೀಲರ್ ಮುರುಗೇಶಪ್ಪ ಎಲ್ಲರಿಗಿಂತ ಮೊದಲು ದುಮುಕಿದ. ಆತನ ಹೆಂಡತಿ ಪ್ರೇಮಲತಾಳ ಮಡಿಲಲ್ಲಿ ಐದು ಗಂಡಸರ ವಾಚು, ಕನ್ನಡಕ, ಪರ್ಸುಗಳು ರಾಶಿ ಬಿದ್ದವು.

ಶಿವಯೋಗಪ್ಪ ನೆರಳಿನ ಬೆಂಚಿನ ಮೇಲೆ ಕೂತು, "ಚಾಪೆ ಹಾಸು" ಎಂದ.

ಅನ್ನಪೂರ್ಣಮ್ಮ ಲೆಕ್ಕ ಹಾಕಿದಳು. ಪೂಜೆಗೆ ಇಪ್ಪತ್ತೈದು ನಿಮಿಷ. ಬಡಿಸಿ, ತಿನ್ನಿಸಿ, ಡಬ್ಬಿ ತೊಳೆದಿಡಲು ಹದಿನೈದು. ಕೂಡಿದರೆ ನಲವತ್ತು. ದೋಣಿ ಮತ್ತೆಲ್ಲೂ ನೀರಿಗಿಳಿಯಲು ನಿಲ್ಲುವುದಿಲ್ಲ ಎಂದು ಅಂಕಿತಾ ಓದಿ ಹೇಳಿದ್ದಳು.

ಕೈಚೀಲ ಎತ್ತಿಕೊಂಡು ದೋಣಿಯ ಪುಟ್ಟ ಕೋಣೆಗೆ ಹೋಗಿ ಸೀರೆ ಬಿಚ್ಚಿ ಚೂಡಿದಾರ್ ಹಾಕಿಕೊಂಡು ಬಂದಳು.

ಶಿವಯೋಗಪ್ಪ ತಲೆಯಿಂದ ಕಾಲಿನವರೆಗೆ ನೋಡಿದ. "ಇದೇನು ವೇಷ?"

"ನೀರಿಗಿಳೀತೀನಿ."

"ಈ ವಯಸ್ಸಿನಾಗ? ಇಷ್ಟು ಜನ ಗಂಡಸ್ರ ಎದುರಿಗೆ?"

"ಅವರೆಲ್ಲ ಬೋರಲು ಬಿದ್ದು ಮೀನು ನೋಡಾಕತ್ತಾರೆ. ನನ್ನ ಯಾರು ನೋಡ್ತಾರೆ?" ರೆಕ್ಸಿನ್ ಚೀಲವನ್ನು ತಂದು ಆತನ ಕಾಲ ಬಳಿ ಇಟ್ಟಳು. "ಎಲ್ಲಾ ಇದರಾಗೇ ಐತೆ. ಮ್ಯಾಲೆ ಚಾಪೆ, ಕೆಳಗೆ ಡಬ್ಬಿ. ಮಾತ್ರಿ ತಗಂಡು ಒಂದು ತಾಸಾತು. ಪೂಜೆ ಲಗೂ ಮುಗಿಸಿ ತಿನ್ರಿ."

"ನೀನು ಬಡಿಸಿದ್ರೆ ತಿಂತೀನಿ."

"ನಲವತ್ತು ನಿಮಿಷ ಕಾಯಬ್ಯಾಡ್ರಿ."

"ಅನ್ನಪೂರ್ಣ!"

ಇಪ್ಪತ್ತೆಂಟು ವರ್ಷದಲ್ಲಿ ಆ ದನಿಗೆ ಆಕೆ ತಿರುಗಿ ನೋಡದೆ ಇದ್ದದ್ದಿಲ್ಲ. ಈಗಲೂ ಕುತ್ತಿಗೆ ತಾನಾಗಿಯೇ ತಿರುಗಿತು. ಕಾಲುಗಳು ಮಾತ್ರ ಏಣಿಯ ಮೇಲಿದ್ದವು.

ನೀರು ಸೊಂಟಕ್ಕೆ ಬಂದಾಗ ಉಸಿರು ಸಿಕ್ಕಿಕೊಂಡಿತು. ಏಣಿಯನ್ನು ಬಿಡಲು ಬೆರಳುಗಳು ಒಪ್ಪಲಿಲ್ಲ. ಊರಿನಲ್ಲಿ ಸೀರೆಗೆ ಫಾಲ್ ಹಾಕುವ ರಹೀಮುನ್ನೀಸಾಳಿಂದ ಕಲಿತ ಉರ್ದುವಿನಲ್ಲಿ "ಡರ್ ಲಗ್ತಾ, ಬೆಹನ್" ಎಂದಳು. ಜಾಕೀಟು ತೊಡಿಸಿದ್ದ ನರೆಗೂದಲಿನವಳು ತಾನೂ ನೀರಿಗಿಳಿದು, ಗಾಜು, ಕೊಳವೆ ಬಿಗಿದು, ಆಕೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅಂಗೈಯನ್ನು ಬೆನ್ನಿಗೆ ಕೊಟ್ಟು, ಮುಖವನ್ನು ನೀರಿಗೆ ತಿರುಗಿಸಿದಳು.

ಮೊದಲು ಕೇಳಿದ್ದು ತನ್ನದೇ ಉಸಿರು, ಕೊಳವೆಯಲ್ಲಿ ಗೊರಗೊರ. ಆಮೇಲೆ ತಳ ಕಂಡಿತು. ಹಳದಿ ಕಪ್ಪು ಪಟ್ಟೆಯ ಮೀನುಗಳು ಆಕೆಯ ಹೊಟ್ಟೆಯ ಕೆಳಗಿಂದ ಹಾದುಹೋದವು. ಮರಳಿನ ಮೇಲೆ ಹಾಗಲಕಾಯಿಯಂಥದೊಂದು ಕರಿಯ ಜೀವ ಬಿದ್ದುಕೊಂಡಿತ್ತು. ಹವಳದ ಬಂಡೆ ಹೂಕೋಸಿನ ಹಾಗೆ ಕಂಡಿತು. ಇಲ್ಲಿಗೂ ತರಕಾರಿಯೇ ಬಂತಲ್ಲ ಎಂದು ಆಕೆಗೆ ತನ್ನ ಮೇಲೆ ಸಿಟ್ಟು ಬಂದು, ಹೋಲಿಸುವುದನ್ನು ಬಿಟ್ಟು ಸುಮ್ಮನೆ ನೋಡಿದಳು. ಕೈಕಾಲು ಏನೂ ಮಾಡುತ್ತಿರಲಿಲ್ಲ. ಬೀಳಲೂ ಇಲ್ಲ.

ಯಾರೋ ಭುಜ ಹಿಡಿದು ಜಗ್ಗಿದರು. ತಲೆ ಎತ್ತಿದರೆ ದೋಣಿಯ ಅಂಚಿನಲ್ಲಿ ಪ್ರೇಮಲತಾ ಎರಡೂ ಕೈ ಬೀಸುತ್ತಿದ್ದಳು.

"ಅಕ್ಕಾ! ಬರ್ರಿ ಲಗೂ! ನಿಮ್ಮ ಯಜಮಾನ್ರು ಹೆಂಗೆಂಗೋ ಮಾಡಾಕತ್ತಾರೆ!"

ದೋಣಿ ಇಪ್ಪತ್ತು ಮಾರು ದೂರವಿತ್ತು. ಕೈ ಬಡಿದಷ್ಟೂ ಅದು ಹತ್ತಿರವಾಗಲಿಲ್ಲ. ಬಾಯಿಗೆ ಉಪ್ಪುನೀರು ನುಗ್ಗಿ ಕೆಮ್ಮು ಬಂತು. ಕೊನೆಗೆ ನರೆಗೂದಲಿನವಳು ಜಾಕೀಟಿನ ಪಟ್ಟಿ ಹಿಡಿದು ಎಳೆದುಕೊಂಡು ಬಂದು ಏಣಿಗೆ ಮುಟ್ಟಿಸಿದಳು.

ಶಿವಯೋಗಪ್ಪ ಬೆಂಚಿನ ಮೇಲೆ ವಾಲಿಕೊಂಡಿದ್ದ. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಬೆರಳು ನಡುಗುತ್ತಿದ್ದವು. ಸುತ್ತ ಐದಾರು ಮಂದಿ.

"ಏನೂ ಇಲ್ಲ, ದೋಣಿ ತಲೆಸುತ್ತು" ಎನ್ನುತ್ತಿದ್ದ ಅವರನ್ನೆಲ್ಲ ಕರೆತಂದಿದ್ದ ಕಂಪನಿಯ ಮನುಷ್ಯ. "ತಿನ್ನೋಕೆ ಏನೂ ಕೊಡಬೇಡಿ, ವಾಂತಿ ಆಗತ್ತೆ. ಮಲಗಿಸಿ."

"ಉಚ್ಚೆಂಗಪ್ಪ," ಎಂದ ಶಿವಯೋಗಪ್ಪ ಅಂಗಡಿಯ ಆಳಿನ ಹೆಸರು ಹಿಡಿದು, ಸಮುದ್ರದ ಕಡೆ ನೋಡುತ್ತ. "ಎರಡಿಂಚಿನ ಪೈಪ್ ಒಳಗೆ ಇಡಪ್ಪ. ಮಳಿ ಬರ್ತೈತಿ."

ನೀರಿನಿಂದ ಹತ್ತಿ ಬಂದಿದ್ದ ಮುರುಗೇಶಪ್ಪ ನಗಲು ಹೋಗಿ, ಆತನ ಕಣ್ಣು ನೋಡಿ ನಿಲ್ಲಿಸಿದ.

"ತಲೆಸುತ್ತಲ್ಲ. ಸಕ್ಕರಿ ಇಳಿದೈತೆ" ಎಂದಳು ಅನ್ನಪೂರ್ಣಮ್ಮ. "ಸರೀರಿ! ಪ್ರೇಮಾ, ಆ ಕಪ್ಪು ಸೋಡಾ ತಾ, ಸೀ ಇರೋದು. ಓಡು!"

ಪ್ರೇಮಲತಾ ಎದ್ದ ರಭಸಕ್ಕೆ ವಾಚು, ಕನ್ನಡಕಗಳು ನೆಲಕ್ಕುರುಳಿದವು. ಬಾಟಲಿ ಬಂತು. ಬಾಯಿ ಹತ್ತಿರ ಹಿಡಿದರೆ ಶಿವಯೋಗಪ್ಪ ಹಲ್ಲು ಕಚ್ಚಿದ.

"ಪೂಜೆ... ಆಗಿಲ್ಲ."

"ಕುಡೀರಿ."

"ಪೂಜೆ..."

ಹಿಂದಿನಿಂದ ಯಾರೋ ಹೆಂಗಸು, "ಗಂಡನ್ನ ಈ ಸ್ಥಿತಿಯಾಗ ಬಿಟ್ಟು ಹೋಗಿ ಈಗ ಜುಲುಮಿ ನೋಡ್ರಿ" ಎಂದಳು. ಅನ್ನಪೂರ್ಣಮ್ಮನಿಗೆ ಕೇಳಿಸಿತು. ಆತನ ಎರಡೂ ಕೆನ್ನೆಯನ್ನು ಒಂದೇ ಕೈಯಿಂದ ಒತ್ತಿ, ಬಾಯಿ ತೆರೆಸಿ, ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟಳು. ಅರ್ಧ ಅಂಗಿಯ ಮೇಲೆ ಹೋಯಿತು. ಇನ್ನೊಂದು ಗುಟುಕು. ಮತ್ತೊಂದು. ಆಕೆಯ ಕೂದಲಿನಿಂದ ಉಪ್ಪುನೀರು ಆತನ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ನುಂಗುತ್ತಾನೋ ಇಲ್ಲವೋ ಎಂದು ಗಂಟಲನ್ನೇ ನೋಡುತ್ತ ಕೂತಳು. ನಾನು ಇಳಿಯದಿದ್ದರೆ ಎಂಬ ಯೋಚನೆ ಬಂದು ಎದೆಯನ್ನು ಹಿಂಡಿತು. ಇಂಥ ಸಂಕಟವನ್ನು ಆಕೆ ಹಡೆಯುವಾಗಲೂ ಕಂಡಿರಲಿಲ್ಲ.

ಎಂಟು ನಿಮಿಷದ ಮೇಲೆ ಬೆರಳಿನ ನಡುಕ ನಿಂತಿತು. ಕಣ್ಣು ಒಂದು ಕಡೆ ನೆಲೆಯಾಯಿತು.

"ಇದು ಎಷ್ಟು ಬೆರಳು?"

"ಮೂರು. ಯಾಕ? ನಾನೇನು ಹುಚ್ಚನಾ?" ದನಿ ಹಿಂದಿನಂತೆಯೇ ಆಗಿತ್ತು. ಸುತ್ತ ನಿಂತವರನ್ನು ನೋಡಿ ಆತ ಅಂಗಿ ಸರಿ ಮಾಡಿಕೊಂಡ. ಆಮೇಲೆ ಕಾಲ ಬಳಿ ಕೈ ತೋರಿಸಿದ. "ಪೂಜೆ ಹೆಂಗೂ ಕೆಡ್ತು. ಅವಲಕ್ಕಿ ಹಾಕ್ಕೊಡು."

ಅನ್ನಪೂರ್ಣಮ್ಮ ಬಗ್ಗಿದಳು. ಚೀಲ ಇಟ್ಟ ಜಾಗದಲ್ಲೇ ಇತ್ತು. ಜಿಪ್ ಎಳೆದಿರಲಿಲ್ಲ. ಹತ್ತು ಗಂಟೆ ಮೂವತ್ತು ನಿಮಿಷದಿಂದ ಆತನ ಕಾಲಿಗೂ ಅವಲಕ್ಕಿಗೂ ನಡುವೆ ಒಂದು ಗೇಣು. ಚಾಪೆಗೂ ಅಷ್ಟೇ. ಆತ ಪೂಜೆಯನ್ನೂ ಮಾಡಿರಲಿಲ್ಲ.

ಬಗ್ಗಿದವಳು ಹಾಗೇ ನಿಂತಳು. ಎದೆಯ ಸಂಕಟ ಮೆಲ್ಲಗೆ ಸಿಟ್ಟಾಯಿತು.

"ಇದನ್ನ ತೆಗೆದೇ ಇಲ್ಲೇನ್ರಿ?"

ಆತ ವಾಚಿನ ಪಟ್ಟಿಯನ್ನು ಬಿಗಿ ಮಾಡಿಕೊಂಡ.

"ಕೈ ನಡುಗಾಕ ಹತ್ತಿದ್ದು ಯಾವಾಗ?"

"ಹನ್ನೊಂದಕ್ಕೆ ಐದು ನಿಮಿಷ ಇತ್ತು." ವಾಚು ನೋಡುವ ಅಭ್ಯಾಸ ಆತನಿಗೆ.

"ಅಲ್ಲಿವರೆಗೆ ಚೆನ್ನಾಗಿದ್ರಿ. ಇಪ್ಪತ್ತೈದು ನಿಮಿಷ."

"ನೀ ಬರ್ತೀ ಅಂತ ಕೂತಿದ್ದೆ."

"ಅಕ್ಕಾರೆ, ಬೈಬ್ಯಾಡ್ರಿ," ಎಂದ ಮುರುಗೇಶಪ್ಪ ಟವೆಲ್ ಹೊದ್ದುಕೊಂಡು. "ಹತ್ತು ಎಚ್.ಪಿ. ಮೋಟಾರು ಬಿಚ್ಚಿ ಜೋಡಿಸೋ ಮನುಷ್ಯಾರು ಅವ್ರು. ಜಿಪ್ ಎಳೆಯೋದು ಕಂಪನಿ ಕಲಿಸಿಲ್ಲ."

ಪ್ರೇಮಲತಾ ಫಕ್ಕನೆ ನಕ್ಕಳು. ಗಂಡ ನೋಡಿದ್ದೇ ನಗು ನುಂಗಿ, ಉರುಳಿದ್ದ ಕನ್ನಡಕ ಹುಡುಕತೊಡಗಿದಳು.

ಅನ್ನಪೂರ್ಣಮ್ಮ ಏಣಿಯ ಬಳಿ ನಿಂತಿದ್ದ ನರೆಗೂದಲಿನವಳನ್ನು ಕೇಳಿದಳು: "ಕಿತ್ನಾ ಟೈಮ್ ಹೈ, ಬೆಹನ್?"

ಆಕೆ ಆತನ ಕಡೆ ಒಮ್ಮೆ, ಈಕೆಯ ಕಡೆ ಒಮ್ಮೆ ನೋಡಿ ಗಲಾಟೆಯಲ್ಲಿ ಹೋದ ಹೊತ್ತನ್ನು ಬಿಟ್ಟು ಲೆಕ್ಕ ಹಾಕಿ, ಎರಡೂ ಅಂಗೈ ಬಿಡಿಸಿ ತೋರಿಸಿದಳು. ಹತ್ತು.

ಹೆಂಗಸರೆಲ್ಲ ನೋಡುತ್ತಿದ್ದರು. ದಾವಣಗೆರೆಗೆ ಈ ಮಾತು ತನಗಿಂತ ಮೊದಲು ಮುಟ್ಟುತ್ತದೆ ಎಂದು ಆಕೆಗೆ ಆಗಲೇ ಗೊತ್ತಾಯಿತು. ಈಗ ಕೂತು ಬಡಿಸಿದರೆ ಮಾತಿನ ಅರ್ಧ ಕಡಿಮೆಯಾಗುತ್ತದೆ ಎಂಬುದೂ ಗೊತ್ತಾಯಿತು. ಆದರೆ ಈಗ ಬಡಿಸಿದರೆ ಜಿಪ್ ಎಳೆಯದೆ ಕೂತದ್ದೇ ಸರಿಯಾಗಿತ್ತು ಎಂದಾಗುತ್ತದೆ, ಮುಂದೆ ಎಂದೂ ತನ್ನ ಪಾಲಿಗೆ ಯಾವ ನೀರೂ ಇರುವುದಿಲ್ಲ. ಗಂಡನ ಪಕ್ಕ ಕೂತು ಆತನ ನಾಡಿ ಹಿಡಿದಳು. ಸಮವಾಗಿತ್ತು. ಹಣೆ ಮುಟ್ಟಿದಳು. ಬೆವರು ಆರಿತ್ತು. ಬಾಟಲಿಯಲ್ಲಿ ಉಳಿದಿದ್ದನ್ನು ಆತನ ಕೈಗೆ ಕೊಟ್ಟಳು.

"ಇದನ್ನ ಪೂರ್ತಿ ಕುಡೀರಿ. ಆಮೇಲೆ ಅವಲಕ್ಕಿ. ತಿನ್ನದೆ ಬಿಟ್ರೆ ಮತ್ತೆ ಇಳೀತೈತೆ. ಪ್ರೇಮಾ, ಇವ್ರು ತಿನ್ನೋದನ್ನ ನೋಡ್ಕೊ. ನೀ ಬಡಿಸಬ್ಯಾಡ. ನಿಲ್ಲಿಸಿದ್ರೆ ನನ್ನ ಕೂಗು."

"ಮತ್ತೆ ಎಲ್ಲಿಗೆ?" ಎಂದ ಶಿವಯೋಗಪ್ಪ.

"ಹತ್ತು ನಿಮಿಷ ಐತೆ."

"ನನಗೆ ಏನಾರ ಆದ್ರೆ?"

ಆಕೆ ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಆತನ ಮುಖವನ್ನು ಮತ್ತೊಮ್ಮೆ, ಕಣ್ಣು, ತುಟಿ, ಬೆರಳು, ಎಲ್ಲವನ್ನೂ ನೋಡಿದಳು.

"ಆಗದಂಗ ತಿನ್ರಿ" ಎಂದಳು.

ಕಣ್ಣಿನ ಗಾಜಿನ ಪಟ್ಟಿಯನ್ನು ಒದ್ದೆ ಕೂದಲಿನ ಮೇಲೆ ತಾನೇ ಬಿಗಿದುಕೊಂಡು ಏಣಿ ಇಳಿಯತೊಡಗಿದಳು. ಈ ಸಲ ನೀರು ಸೊಂಟಕ್ಕೆ ಬಂದಾಗ ಆಕೆ ಮೇಲೆ ನೋಡಲಿಲ್ಲ. ಕೊನೆಯ ಮೆಟ್ಟಿಲಿನಿಂದ ಕೈ ಬಿಟ್ಟಳು.