ಬೇಡಮ್ಮನ ಖಾಲಿ ಮಹಡಿ

ನನ್ನ ಸೊಸೆ ಅಷ್ಟು ದೊಡ್ಡ ಕೆಲಸ ಬಿಟ್ಟಳೆಂದು ಗೊತ್ತಾದ ದಿನ ನೆಂಟರೆಲ್ಲ ಫೋನ್ ಮಾಡಿದ್ದು ಅವಳಿಗಲ್ಲ, ನನಗೆ. ಮನೆಯಲ್ಲಿ ಯಾರೋ ಹೋಗಿಬಿಟ್ಟರೇನೋ ಎಂಬ ದನಿಯಲ್ಲಿ ವಿಚಾರಿಸಿಕೊಂಡರು. ನನ್ನ ತಂಗಿಯಂತೂ, ಅತ್ತೆಯಾಗಿ ನೀನು ಎರಡು ಮಾತು ಬುದ್ಧಿ ಹೇಳಬಾರದಿತ್ತಾ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಹೇಳುವುದಕ್ಕೆ ನನಗೇನು ಬಾಯಿಲ್ಲವೇ? ಜೀವಮಾನವೆಲ್ಲ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಈಗ ಪಿಂಚಣಿ ತಿನ್ನುತ್ತಿರುವವಳು ನಾನು. ಆದರೆ ಅವಳು ಕೆಲಸ ಬಿಟ್ಟದ್ದು ನನಗೆ ಒಳಗೊಳಗೇ ಎಷ್ಟು ಖುಷಿ ತಂದಿತ್ತೆಂದರೆ, ಬುದ್ಧಿ ಹೇಳಲು ಬಾಯಿ ತೆರೆದರೆ ನಗು ಬಂದುಬಿಡುತ್ತಿತ್ತು.

ಅವಳಿದ್ದದ್ದು ಒಂದು ವಿಮಾ ಕಂಪನಿಯಲ್ಲಿ. ಯಾರಿಗೆ ವಿಮೆ ಕೊಡಬಹುದು, ಯಾರಿಗೆ ಕೊಡಬಾರದು ಎಂದು ತೀರ್ಮಾನಿಸುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಹತ್ತಿ ಗೋದಾಮಿರಲಿ, ಹಳೆಯ ಹಡಗಿರಲಿ, ಸರ್ಕಸ್ ಡೇರೆಯಿರಲಿ, ಅವಳ ಮೇಜು ದಾಟದೆ ಮುಂದೆ ಹೋಗುವಂತಿರಲಿಲ್ಲ. ಎಲ್ಲಿ ಬೆಂಕಿ ಹತ್ತೀತು, ಎಲ್ಲಿ ನೀರು ನುಗ್ಗೀತು, ಯಾರು ಜಾರಿ ಬಿದ್ದಾರು ಎಂದು ಮೊದಲೇ ಕಂಡುಹಿಡಿದು ‘ಬೇಡ’ ಎನ್ನುವುದಕ್ಕೇ ಅವಳಿಗೆ ಸಂಬಳ. ಕಚೇರಿಯವರು ಬೆನ್ನ ಹಿಂದೆ ಅವಳನ್ನು ಬೇಡಮ್ಮ ಎನ್ನುತ್ತಿದ್ದರಂತೆ. ಅದನ್ನು ಅವಳೇ ಬಂದು ಹೇಳಿ ನಕ್ಕಳು, ಮನೆಯಲ್ಲೂ ಅದೇ ಹೆಸರು ನಿಂತಿತು. ಹುಟ್ಟುಗುಣವೇ ಅದು ಎನ್ನಿ. ನನ್ನ ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದಾಗ, ಕೊಟ್ಟ ನೀರು ಕುಡಿಯುವುದಕ್ಕೂ ಮುಂಚೆ, ನಿಮ್ಮ ಅಡುಗೆಮನೆಯ ಪರದೆ ಒಲೆಗೆ ಬಹಳ ಹತ್ತಿರವಾಯಿತು ಎಂದು ನನ್ನ ಮುಖಕ್ಕೇ ಹೇಳಿದ ಹುಡುಗಿ ಅವಳು.

ಸಂಬಳವೇನೋ ಕೈತುಂಬ ಬರುತ್ತಿತ್ತು. ಆದರೆ ಅವಳು ನಮ್ಮ ಜೊತೆ ಕೂತು ಬಿಸಿ ಊಟ ಮಾಡಿದ್ದನ್ನು ನಾನು ನೋಡಿದ್ದೇ ಅಪರೂಪ. ತಟ್ಟೆಗೆ ಕೈ ಹಾಕಿದ ಕೂಡಲೇ ಫೋನ್ ಬಡಿದುಕೊಳ್ಳುತ್ತಿತ್ತು. ಎಲ್ಲೋ ಒಂದು ಗೋದಾಮಿನ ಛಾವಣಿ ಕುಸಿದಿರುತ್ತಿತ್ತು. ರಜೆ ಹಾಕಿ ಮಲಗಿದರೆ ಕನಸಿನಲ್ಲೂ ಜನ ಮೆಟ್ಟಿಲಿನಿಂದ ಉರುಳುತ್ತಿದ್ದರಂತೆ. ನನ್ನ ಮಗ ಚಿತ್ರಕಲೆಯ ಮೇಷ್ಟ್ರು, ಸಾಧು ಪ್ರಾಣಿ. ಹೆಂಡತಿಯ ಮುಖ ನೋಡಲು ಅವನೂ ಭಾನುವಾರಕ್ಕಾಗಿ ಕಾಯಬೇಕಿತ್ತು.

ಹುಡುಗಿ ಕೈಕಟ್ಟಿ ಕೂರಲಿಲ್ಲ. ಹೊಸ ಕಾರು, ಹೊಸ ಸೋಫಾ ಎಂದು ಕುಣಿಯದೆ, ಉಳಿಸಿದ್ದರಲ್ಲಿ ಒಂದು ಪುಟ್ಟ ಮನೆ ಕೊಂಡು ಬಾಡಿಗೆಗೆ ಕೊಟ್ಟಳು. ಅದರ ಸಾಲ ತೀರಿದ ಮೇಲೆ ಇನ್ನೊಂದು. ಬಾಡಿಗೆಯವರನ್ನು ಹುಡುಕುವುದು, ಬಿಡಿಸುವುದು, ಎಲ್ಲ ಒಬ್ಬ ದಲ್ಲಾಳಿಯ ತಲೆಗೆ ಕಟ್ಟಿದ್ದಳು. ಕಡೆಗೊಂದು ದಿನ ಮೂರು ಮಹಡಿಯ ಹಳೆಯ ಕಟ್ಟಡ ಕೊಂಡು ನಮ್ಮನ್ನೆಲ್ಲ ಅದರ ತುದಿಯ ಮಹಡಿಗೆ ವಾಸಕ್ಕೆ ಹತ್ತಿಸಿದಳು. ಕೆಳಗೆ ಕನ್ನಡಕದ ಅಂಗಡಿ. ಅದು ಹಿಂದಿನ ಯಜಮಾನರ ಕಾಲದ್ದು. ನಡುವಿನ ಮಹಡಿ ಖಾಲಿ. ಅದಕ್ಕೊಂದು ಬಾಡಿಗೆ ಬಂದುಬಿಟ್ಟರೆ ಮನೆಖರ್ಚಿಗೆ ತನ್ನ ಸಂಬಳದ ಹಂಗೇ ಇಲ್ಲ, ಈ ಸಲ ದಲ್ಲಾಳಿಯೂ ಬೇಡ, ಜನರನ್ನು ತಾನೇ ಆರಿಸುತ್ತೇನೆ ಎಂದು ಸಾರಿ ರಾಜೀನಾಮೆ ಕೊಟ್ಟೇಬಿಟ್ಟಳು.

ಅವಳ ಸಾಹೇಬರು ಜಾಣರು. ಒಂದು ವರ್ಷ ನಿಮ್ಮ ಕುರ್ಚಿ ಹಾಗೇ ಇರುತ್ತದೆ, ಬೇಜಾರಾದರೆ ಬನ್ನಿ ಎಂದರು. ಇವಳೂ ಬಿಗುಮಾನಕ್ಕೆ ಮಾತು ಕೊಟ್ಟಳು: ವರ್ಷದೊಳಗೆ ಬಾಡಿಗೆಯಿಂದಲೇ ಮನೆ ನಡೆಯದಿದ್ದರೆ ಮರಳಿ ಬರುತ್ತೇನೆ. ಮಾತು ಕೊಟ್ಟರೆ ಜಪ್ಪಯ್ಯ ಅಂದರೂ ತಪ್ಪುವವಳಲ್ಲ ಅವಳು. ನನಗೆ ಭಯವಿದ್ದದ್ದೇ ಅದು.

ಯಾಕೆಂದರೆ ಅವಳು ಮನೆಯಲ್ಲಿರುವುದು ನನಗೆ ರೂಢಿಯಾಗುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಕಿಟಕಿ ಪಕ್ಕದ ಮಂಚದ ಮೇಲೆ ಕಾಲು ಚಾಚಿ, ಬೀದಿಯಲ್ಲಿ ಹೋಗುವವರ ನಡಿಗೆ, ಛತ್ರಿ, ಹೇರ್‌ಕಟ್ಟು ಎಲ್ಲವನ್ನೂ ಆಡಿಕೊಂಡು ಹಾಗೇ ನಿದ್ದೆ ಹೋಗುತ್ತಿದ್ದೆವು. ನನ್ನ ಯಜಮಾನರು ಹೋದ ಮೇಲೆ ನನ್ನ ಮಧ್ಯಾಹ್ನಗಳು ಮುಗಿಯುತ್ತಲೇ ಇರಲಿಲ್ಲ. ಈಗ ನೋಡುನೋಡುತ್ತಿದ್ದಂತೆ ಕಾಫಿಯ ಹೊತ್ತಾಗುತ್ತಿತ್ತು. ಅದನ್ನು ಯಾವ ಸಾಹೇಬರಿಗೂ ಬಿಟ್ಟುಕೊಡಲು ನನಗೆ ಸುತರಾಂ ಇಷ್ಟವಿರಲಿಲ್ಲ.

ನಡುವಿನ ಮಹಡಿಯೋ, ಚಿನ್ನದಂಥ ಮನೆ. ಎರಡು ಕಡೆಯಿಂದ ಗಾಳಿ, ಬೆಳಗಿನ ಬಿಸಿಲು ಬೀಳುವ ಅಡುಗೆಮನೆ, ಹೊಸದಾಗಿ ಸುಣ್ಣ ಬಣ್ಣ. ಬೋರ್ಡು ಹಾಕಿದ ದಿನವೇ ಜನ ಬಂದರು. ಬಂದ ಹಾಗೆಯೇ ಹೋದರು. ಏನಪ್ಪಾ ಇದು ಎಂದು ಒಂದು ದಿನ ನಾನೂ ಅವಳ ಹಿಂದೆ ಇಳಿದು ಹೋದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿತ್ತು. ಸೊಸೆ ಅವರಿಗೆ ಮನೆ ತೋರಿಸುತ್ತಿದ್ದಳೋ, ಹೆದರಿಸುತ್ತಿದ್ದಳೋ ದೇವರಿಗೇ ಗೊತ್ತು. ಈ ಮೆಟ್ಟಿಲು ಒದ್ದೆಯಾದರೆ ಜಾರುತ್ತದೆ, ಬಿದ್ದರೆ ಸೊಂಟ ಹೋಯಿತೆಂದೇ ಲೆಕ್ಕ ಎಂದಳು. ಬಾಲ್ಕನಿಯ ಕಂಬಿ ಗಟ್ಟಿಯಾಗಿದೆ, ಆದರೂ ಬಗ್ಗಿ ನೋಡಬೇಡಿ ಎಂದಳು. ಗೀಸರ್ ಮುಂದೆ ನಿಂತು ಅದು ಎಷ್ಟು ರೀತಿಯಲ್ಲಿ ಕೈಕೊಡಬಹುದು ಎಂದು ಪಾಠ ಮಾಡಿದಳು. ಆಮೇಲೆ ವಿಚಾರಣೆ. ಇಬ್ಬರಲ್ಲಿ ಮರೆವು ಯಾರಿಗೆ ಜಾಸ್ತಿ? ಒಲೆ ಆರಿಸದೆ ಹೊರಗೆ ಹೋದದ್ದುಂಟೇ? ಜಗಳವಾದರೆ ಸಾಮಾನು ಎಸೆಯುವವರು ಯಾರು? ಹುಡುಗಿ ಗಂಡನ ಮುಖ ನೋಡಿದಳು, ಗಂಡ ಬಾಗಿಲ ಕಡೆ ನೋಡಿದ. ನಾನು ತಂದುಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಇಬ್ಬರೂ ಕಾಲಿಗೆ ಬುದ್ಧಿ ಹೇಳಿದರು.

ಹೆದರದೆ ನಿಂತವರನ್ನು ಇವಳೇ ಬೇಡವೆಂದಳು. ಬೇಕರಿಯವನು ನಸುಕಿನಲ್ಲೆದ್ದು ನಿದ್ದೆಗಣ್ಣಲ್ಲಿ ಒಲೆ ಹಚ್ಚುತ್ತಾನೆ, ಬೇಡ. ವಯಸ್ಸಾದ ದಂಪತಿ, ಮೆಟ್ಟಿಲು ಹತ್ತಬೇಕು, ಬೇಡ. ಅಂಚೆ ಕಚೇರಿಯ ಗುಮಾಸ್ತರೊಬ್ಬರು ಹೆಂಡತಿಯೊಡನೆ ಬಂದಿದ್ದರು. ಮೆದು ಮಾತಿನ, ಅಚ್ಚುಕಟ್ಟಾದ ಜನ. ಎಲ್ಲ ಸರಿಹೋಯಿತು ಎನ್ನುವಾಗ ಆತ ಸಂಕೋಚದಿಂದ, ನಮ್ಮದೊಂದು ದೊಡ್ಡ ಮೀನಿನ ತೊಟ್ಟಿಯಿದೆ, ಹಾಲ್‌ನಲ್ಲಿ ಇಟ್ಟುಕೊಳ್ಳಬಹುದಾ ಎಂದು ಕೇಳಿದರು. ಗಾಜಿನದ್ದಾ ಎಂದಳು ಇವಳು. ಆತ ಹೌದು ಎಂದರು. ಅಲ್ಲಿಗೆ ಮುಗಿಯಿತು. ತೊಟ್ಟಿ ಇವತ್ತಲ್ಲ ನಾಳೆ ಒಡೆಯುತ್ತದೆ, ನೀರೆಲ್ಲ ಕನ್ನಡಕದ ಅಂಗಡಿಯ ಮೇಲೆ ಇಳಿಯುತ್ತದೆ ಎಂದು ಆ ರಾತ್ರಿ ಊಟದ ಹೊತ್ತಿಗೆ ನಮಗೂ ವರದಿ ಒಪ್ಪಿಸಿದಳು. ನನ್ನ ಮಗ, ಮೀನು ಯಾವ ಬಣ್ಣದ್ದಂತೆ ಎಂದು ಕೇಳಿ ಬೈಸಿಕೊಂಡ.

ಹೀಗೇ ತಿಂಗಳುಗಳು ಉರುಳಿದವು. ವರ್ಷ ತುಂಬುತ್ತ ಬಂದಾಗ ಸಾಹೇಬರು ಫೋನ್ ಮಾಡಿ, ಕುರ್ಚಿ ಒರೆಸಿ ಇಟ್ಟಿದ್ದೇವೆ ಎಂದರಂತೆ. ಸೊಸೆ ಕಪಾಟು ತೆರೆದು ಕಚೇರಿಯ ಬಟ್ಟೆಗಳನ್ನು ಇಸ್ತ್ರಿಗೆ ಕೊಟ್ಟಳು. ಅಂದು ಮಧ್ಯಾಹ್ನ ಕಿಟಕಿಯ ಹತ್ತಿರ ಕೂತರೂ ಯಾರ ಛತ್ರಿಯನ್ನೂ ಆಡಿಕೊಳ್ಳಲಿಲ್ಲ. ನನಗೆ ಸಿಟ್ಟು ಬಂತು. ಬಾಗಿಲಿಗೆ ಬಂದ ಸ್ವಾತಂತ್ರ್ಯವನ್ನು ಗೀಸರ್ ತೋರಿಸಿ ಓಡಿಸುತ್ತಾಳಲ್ಲ ಇವಳು!

ಮರುದಿನ ನಾನು ಒಳ್ಳೆಯ ಬಟ್ಟೆ ಉಟ್ಟು, ತಲೆ ಬಾಚಿ, ಕೈಚೀಲ ಹಿಡಿದು ಕೆಳಗಿಳಿದೆ. ನಡುವಿನ ಮಹಡಿಯಲ್ಲಿ ಅವಳು ಖಾಲಿ ಹಾಲ್ ಗುಡಿಸುತ್ತಿದ್ದಳು. ಬಾಗಿಲು ತಟ್ಟಿದೆ.

“ಮನೆ ಬಾಡಿಗೆಗಿದೆಯಂತೆ. ನೋಡ್ಕೊಂಡು ಹೋಗೋಣ ಅಂತ ಬಂದೆ.”

ಅವಳು ನಕ್ಕಳು. ನಾನು ನಗಲಿಲ್ಲ. ಪಿಂಚಣಿಯಲ್ಲಿ ಬಾಡಿಗೆ ಕಟ್ಟುತ್ತೇನೆ, ನಿನ್ನ ಪ್ರಶ್ನೆಗಳನ್ನು ಕೇಳು ಎಂದೆ. ತಮಾಷೆ ಮಾಡಬೇಡಿ ಎಂದು ಎರಡು ಸಲ ಹೇಳಿದಳು. ನಾನು ಜಗ್ಗದಿದ್ದಾಗ ಸರಿ, ಆಟಕ್ಕೆ ಎಂಬಂತೆ ಶುರುಮಾಡಿದಳು. ಒಬ್ಬರೇ ಇರುತ್ತೀರಾ? ಒಬ್ಬಳೇ. ಮೆಟ್ಟಿಲು ಹತ್ತುತ್ತೀರಾ? ಮಂಡಿ ಹಿಡಿದುಕೊಂಡು. ಮರೆವು? ಮೊನ್ನೆ ತಾನೇ ಹಾಲು ಒಲೆಯ ಮೇಲಿಟ್ಟು ಕಿಟಕಿಗೆ ಬಂದು ಕೂತಿದ್ದೆ. ಕನ್ನಡಕ ತಲೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕಿದ್ದೆ. ಸ್ವಭಾವ? ಮುಂಗೋಪ, ಹಟ, ಬಾಡಿಗೆ ಏರಿಸಿದರೆ ಬೀದಿಗೆ ಕೇಳುವಂತೆ ಜಗಳ. ಕೇಳುತ್ತ ಕೇಳುತ್ತ ಅವಳ ಮುಖಕ್ಕೆ ಕಚೇರಿಯ ಕಳೆ ಬಂದುಬಿಟ್ಟಿತು. ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದಳು.

“ಇಲ್ಲ ಅತ್ತೆ, ನಿಮಗೆ ಕೊಡೋಕಾಗಲ್ಲ” ಎಂದವಳೇ ನಾಲಿಗೆ ಕಚ್ಚಿಕೊಂಡಳು.

ನಾಟಕಕ್ಕೆಂದು ಹೋದವಳಿಗೆ ನನಗೆ ನಿಜವಾಗಿಯೂ ನೋವಾಯಿತು.

“ನಾನು ಬಾಡಿಗೆಗೂ ಲಾಯಕ್ಕಿಲ್ಲ. ಮತ್ತೆ ದಿನಾ ನನ್ನ ಜೊತೆ ಹೇಗಿದ್ದೀಯ?”

“ನೀವು ಬೇರೆ ಅತ್ತೆ. ನೀವು ಮನೆಯವರು.”

“ನನ್ನ ಮಗ ಕರ್ಕೊಂಡು ಬಂದ ದಿನ ನೀನು ಮನೆಯವಳಾಗಿರ್ಲಿಲ್ಲ. ನಿನ್ನ ಹತ್ರ ನಾನು ಒಂದಾದ್ರೂ ಪ್ರಶ್ನೆ ಕೇಳಿದ್ನಾ?”

ಅವಳು ಪೊರಕೆಯನ್ನು ಗೋಡೆಗೆ ಒರಗಿಸಿದಳು. ಇಲ್ಲ ಎಂದಳು. ಯಾಕೆ ಕೇಳಲಿಲ್ಲ ಹೇಳು ಎಂದೆ. ಗೊತ್ತಿಲ್ಲ ಎಂದಳು. ಗೊತ್ತಾದಾಗ ಬಂದು ಹೇಳು ಎಂದು, ಹಳೆಯ ಅಭ್ಯಾಸದಂತೆ ಮನೆಗೆಲಸ ಕೊಟ್ಟು, ನಾನು ತಿರುಗಿದೆ. ಸಿಟ್ಟಿನಲ್ಲಿ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದೆ. ಮಂಡಿ ಅದರ ಸೇಡನ್ನು ಎರಡು ದಿನ ತೀರಿಸಿಕೊಂಡಿತು.

ಸಂಜೆ ಅವಳು ಹೇಳದೆ ಕೇಳದೆ ಹೊರಗೆ ಹೋದಳು. ಮುಂದಿನದನ್ನು ಆ ಗುಮಾಸ್ತರೇ ನನಗೆ ಆಮೇಲೆ ಹೇಳಿದ್ದು. ಅಂಚೆ ಕಚೇರಿಯ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ ಕಿಂಡಿಯೊಳಗೆ ಮುಖ ತೂರಿಸಿ, ನಿಮ್ಮ ಮೀನು ತಗೊಂಡು ಬನ್ನಿ ಎಂದಳಂತೆ. ಪಾಪ ಅವರು, ಯಾವುದೋ ಪಾರ್ಸೆಲ್ಲಿನ ದೂರೆಂದು ಗಾಬರಿಯಾದರಂತೆ. ವಿಷಯ ತಿಳಿದ ಮೇಲೆ, ಇನ್ನೇನಾದರೂ ಕೇಳುವುದಿದೆಯಾ ಮೇಡಂ ಎಂದರಂತೆ. ಇವಳು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡು, ಏನೂ ಇಲ್ಲ ಎಂದು ಬಂದುಬಿಟ್ಟಳು.

ವಾರದೊಳಗೆ ತೊಟ್ಟಿ ಬಂತು. ನಾಲ್ಕು ಜನ ಹೊತ್ತು ತರುವಾಗ ಸೊಸೆ ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ವರ್ಷ ತುಂಬಿದ ದಿನ ಸಾಹೇಬರ ಫೋನೂ ಬಂತು. ನಾನು ತರಕಾರಿ ಹೆಚ್ಚುವ ನೆಪದಲ್ಲಿ ಅಲ್ಲೇ ಕೂತಿದ್ದೆ. ಅವರು ಸಂಬಳ ಏರಿಸುವ ಮಾತಾಡಿದರು, ಕಾರಿನ ಮಾತಾಡಿದರು. ಎಲ್ಲ ಕೇಳಿಸಿಕೊಂಡು ಅವಳು, “ಬೇಡ ಸರ್” ಎಂದಳು. ಆ ಮಾತನ್ನು ಅವಳ ಬಾಯಲ್ಲಿ ಬೇಸರವಾಗುವಷ್ಟು ಸಲ ಕೇಳಿದ್ದೇನೆ. ಕೇಳಿ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ತಪ್ಪನ್ನು ಈರುಳ್ಳಿಯ ಮೇಲೆ ಹಾಕಿದೆ.

ತೊಟ್ಟಿ ಒಡೆಯದೇ ಇರುತ್ತದೆಯೇ? ಕೆಲವು ತಿಂಗಳ ಮೇಲೆ, ನಾವಿಬ್ಬರೂ ಮಂಚದ ಮೇಲೆ ಗೊರಕೆ ಹೊಡೆಯುತ್ತಿದ್ದಾಗ, ಕನ್ನಡಕದ ಅಂಗಡಿಯವರು ಬಾಗಿಲು ಬಡಿದರು. ತಲೆಯಿಂದ ನೀರು ಇಳಿಯುತ್ತಿತ್ತು, ಅವರ ಕನ್ನಡಕವೂ ತೊಟ್ಟಿಕ್ಕುತ್ತಿತ್ತು. ಬಿದ್ದೆವೋ ಎದ್ದೆವೋ ಎಂದು ಓಡಿದೆವು. ಹಾಲ್ ತುಂಬ ನೀರು, ನೀರಿನ ತುಂಬ ಗಾಜು, ಸೋಫಾದ ಕೆಳಗೆಲ್ಲ ಮೀನುಗಳ ಪಟಪಟ. ಗುಮಾಸ್ತರ ಹೆಂಡತಿ ಕ್ಷಮಿಸಿ ಕ್ಷಮಿಸಿ ಎನ್ನುತ್ತ ಅಳುತ್ತಿದ್ದರು. ನಮ್ಮ ಸೊಸೆ ಬಟ್ಟೆ ಎತ್ತಿಕಟ್ಟಿ, ಮಂಡಿಯೂರಿ, ಅವರ ಅಡುಗೆಮನೆಯ ಸೌಟಿನಲ್ಲಿ ಮೀನೆತ್ತಿ ಬಕೆಟ್ಟಿಗೆ ಹಾಕತೊಡಗಿದಳು. ಹಾಕುತ್ತ ಹಾಕುತ್ತ ನಗಲು ಶುರುಮಾಡಿದಳು. ಅದನ್ನು ನೋಡಿ ಆ ಹೆಂಗಸು ಅಳು ನಿಲ್ಲಿಸಿದರು.

“ಇದು ಆಗೇ ಆಗುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು ಅತ್ತೆ.”

“ಗೊತ್ತಿದ್ದೂ ಮನೆ ಕೊಟ್ಟೆಯಲ್ಲ?”

“ಹ್ಞೂಂ. ಗೊತ್ತಿದ್ದೂ ಕೊಟ್ಟೆ.”

“ನಿನ್ನನ್ನ ಯಾಕೆ ಏನೂ ಕೇಳಲಿಲ್ಲ ಹೇಳು ಅಂದಿದ್ನಲ್ಲ ಅವತ್ತು, ಅದಕ್ಕೂ ಅದೇ ಉತ್ತರ ಕಣೇ” ಎಂದೆ. “ಪರದೆ ವಿಷ್ಯ ಎತ್ತಿದಾಗಲೇ ನೀನು ಎಂಥವಳು ಅಂತ ನಂಗೆ ಗೊತ್ತಾಗಿತ್ತು. ಗೊತ್ತಿದ್ದೂ ಬಾ ಅಂದೆ.”

ಅವಳು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಒದ್ದೆ ಕೈಯಲ್ಲೇ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡಳು.

“ಆ ಪರದೆ ನಿಜವಾಗ್ಲೂ ಒಲೆಗೆ ತುಂಬಾ ಹತ್ರ ಇತ್ತು ಅತ್ತೆ” ಎಂದಳು.