ದ್ರಾಕ್ಷಿ ಕಟ್ಟಿಗೆಯ ಉರಿ

ನನ್ನ ಗಂಡ ಟಂಟಂ, ಅಂದರೆ ಮೂರು ಗಾಲಿಯ ಬಾಡಿಗೆ ಗಾಡಿ, ಓಡಿಸುತ್ತಿದ್ದರು. ವಿಜಯಪುರದಿಂದ ತಿಕೋಟಾ, ಅಲ್ಲಿಂದ ಹೊನವಾಡ, ಸಂಜೆಗೆ ಮತ್ತೆ ಮನೆ. ಅವರು ತೀರಿಕೊಂಡ ಮೇಲೆ ಇದು ಎರಡನೆಯ ಬೇಸಿಗೆ. ಹಬ್ಬದ ದಿನ, ಊಟದ ಹೊತ್ತಿಗೆ ನೆನಪಾಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಅದಕ್ಕೆ ನಾನು ತಯಾರಾಗಿದ್ದೆ. ಕಟ್ಟಿಗೆ ಮುಗಿಯುವ ದಿನಕ್ಕೆ ತಯಾರಾಗಿರಲಿಲ್ಲ.

ಬೇಸಿಗೆ ಬಂತೆಂದರೆ ಅವರು ಟಂಟಂ ಮೇಲೆ ದ್ರಾಕ್ಷಿ ಕಟ್ಟಿಗೆಯ ಹೊರೆ ಕಟ್ಟಿಕೊಂಡು ಬರುತ್ತಿದ್ದರು. ಹಣ್ಣು ಕಿತ್ತ ಮೇಲೆ ದ್ರಾಕ್ಷಿ ಬಳ್ಳಿಯನ್ನು ಕತ್ತರಿಸುತ್ತಾರೆ. ನಮ್ಮ ಕಡೆ ಅದಕ್ಕೆ ಚಾಟಣಿ ಎನ್ನುತ್ತಾರೆ. ಕತ್ತರಿಸಿದ ಕಡ್ಡಿ ಚೆನ್ನಾಗಿ ಒಣಗಿದರೆ ಹೊಗೆ ಕಡಿಮೆ, ಉರಿ ಒಂದೇ ಸಮ. ಆ ಉರಿಯಲ್ಲಿ ನಾನು ಹಿತ್ತಲಲ್ಲಿ ಜೋಳದ ಕಡಕ ರೊಟ್ಟಿ ಬಡಿದು ಗೋಳಗುಮ್ಮಟದ ಹತ್ತಿರದ ಒಂದು ಖಾನಾವಳಿಗೆ ಕೊಡುತ್ತಿದ್ದೆ. ಅವರಿದ್ದಾಗ ಅದರಿಂದ ಮೇಲುಖರ್ಚು ನಡೆಯುತ್ತಿತ್ತು. ಅವರು ಹೋದ ಮೇಲೆ ನಾನು ಮತ್ತು ನನ್ನ ಅತ್ತೆ, ಇಬ್ಬರೂ ಉಣ್ಣುವುದು ಅದರಿಂದಲೇ.

ಕೊನೆಯ ಹೊರೆಯನ್ನು ನಾನು ಬಹಳ ದಿನ ಬಿಚ್ಚಲಿಲ್ಲ. ಹಗ್ಗದ ಗಂಟು ಅವರು ಹಾಕಿದ್ದು. ಅತ್ತೆ ಒಂದು ಬೆಳಿಗ್ಗೆ ಬಂದು ನನ್ನ ಪಕ್ಕ ಕೂತು, ಉಗುರಿನಿಂದ ಗಂಟು ಸಡಿಲಿಸಿದರು.

"ಗಂಟ ನೋಡ್ಕೋತ ಕುಂತ್ರ ರೊಟ್ಟಿ ಬೇಯೂದಿಲ್ಲ ಬೇ," ಅಂದರು. ಅವರಿಗೂ ಅದು ಮಗ ಹಾಕಿದ ಗಂಟು.

ಆ ಹೊರೆಯೂ ಮುಗಿದ ಮೇಲೆ ಗ್ಯಾಸಿನ ಮೇಲೆ ಬಡಿಯತೊಡಗಿದೆ. ಕಡಕ ರೊಟ್ಟಿಯನ್ನು ಬೇಯಿಸಿದರಷ್ಟೇ ಸಾಲದು, ಸಣ್ಣ ಉರಿಯಲ್ಲಿ ಒಣಗಿಸಬೇಕು. ಸಿಲಿಂಡರ್ ಕಣ್ಣೆದುರೇ ಹಗುರಾಗುತ್ತಿತ್ತು. ಸಿಲಿಂಡರ್ ತುಟ್ಟಿ, ಜೋಳ ತುಟ್ಟಿ, ಬೀಸುವ ಕೂಲಿಯೂ ಏರಿತ್ತು. ಖಾನಾವಳಿಯವರು ರೊಟ್ಟಿಯ ದರ ಏರಿಸಲು ಒಪ್ಪಲಿಲ್ಲ. ಅವರನ್ನೂ ಅನ್ನುವಂತಿಲ್ಲ, ಅವರ ಒಲೆಗೂ ಅದೇ ಗ್ಯಾಸು.

ಸರ್ಕಾರ ಉಚಿತ ಕರೆಂಟು ಕೊಡುತ್ತದಲ್ಲ ಎಂದು ಒಂದು ಕರೆಂಟಿನ ಒಲೆ ತಂದೆ. ಹಿಂದೆ ಎಷ್ಟು ಬಳಸುತ್ತಿದ್ದೆವೋ ಅದನ್ನು ನೋಡಿ ಉಚಿತದ ಮಿತಿ ಹಾಕಿದ್ದರು. ನಮ್ಮವರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ದೀಪ ಆರಿಸಿಯೇ ಹೋಗುವ ಮನುಷ್ಯ. ಹೀಗಾಗಿ ನಮ್ಮ ಮಿತಿ ಕಾಸಿನಗಲ. ಬಿಲ್ಲು ಬಂದ ದಿನ ಅತ್ತೆ ಮಗನ ಫೋಟೋ ಕಡೆ ನೋಡಿ, "ಇನ್ನಷ್ಟ ದೀಪಾ ಹಚ್ಚಬೇಕಿತ್ತ ನೋಡಪಾ ನೀ," ಅಂದರು. ಅವರು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಆ ಒಲೆಯ ರೊಟ್ಟಿಯನ್ನು ಖಾನಾವಳಿಯವರು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದರು. ಮುರಿಯಲಿಲ್ಲ.

"ಅಕ್ಕಾರ, ಇದನ್ನ ಕಾಲಾಗ ಹಾಕ್ಕೊಂಡ ಅಡ್ಡಾಡಬಹುದ್ರಿ," ಅಂದರು. ಆಮೇಲೆ ದನಿ ಇಳಿಸಿ, "ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈ ತಿಂಗಳ ನೋಡ್ತೇನ್ರಿ. ಆಗಲಿಲ್ಲಂದ್ರ ಬ್ಯಾರೇದವರಿಗೆ ಹೇಳ್ತೇನಿ," ಅಂದರು.

ಅದೇ ವಾರ ಬಬಲೇಶ್ವರದಿಂದ ನನ್ನ ತಮ್ಮ ಬಂದ. "ಅಕ್ಕಾ, ಯಾಕ ಒದ್ದಾಡತಿ? ಇಬ್ರೂ ನಮ್ಮ ಮನಿಗೆ ಬರ್ರಿ. ಒಂದ ಖೋಲಿ ಖಾಲೀನ ಐತಿ," ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ. ಅವನು ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: "ನೀ ಹೋಗವಾ. ತವರಮನಿ ನಿನ್ದು. ಬೀಗರ ಮನ್ಯಾಗ ನಾ ಎಷ್ಟ ದಿನಾ ಉಣ್ಣಲಿ? ನಾ ಇಟ್ಟಂಗಿಹಾಳಕ್ಕ ಮಗಳ ಕಡೆ ಹೋಗ್ತೇನಿ."

ಅವರ ಮಾತು ನಮ್ಮ ರಿವಾಜಿಗೆ ಸರಿಯಾಗಿಯೇ ಇತ್ತು. ಆದರೆ ಈ ಲೋಕದಲ್ಲಿ ನನ್ನ ಗಂಡನನ್ನು ನನ್ನಷ್ಟೇ ಕಳೆದುಕೊಂಡ ಇನ್ನೊಂದು ಜೀವ ಅಂದರೆ ಅತ್ತೆ. ಒಲೆ ಆರಿದರೆ ನಾವಿಬ್ಬರೂ ಎರಡು ದಿಕ್ಕು.

ಚಾಟಣಿಯ ಕಾಲ ಅದು. ಮರುದಿನ ಒಂದು ಹಗ್ಗ ತೆಗೆದುಕೊಂಡು ಹೊನವಾಡದ ಬಸ್ಸು ಹತ್ತಿದೆ.

ಹೊನವಾಡದ ಹತ್ತಿರ ಇಳಿದು ಒಳದಾರಿಯಲ್ಲಿ ನಡೆದೆ. ಒಂದು ದ್ರಾಕ್ಷಿ ತೋಟದ ಬದುವಿನಲ್ಲಿ ಕೆಲಸದ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಕೇಳಲು ಬಾಯಿ ಬರದೆ ನಾನು ದೂರವೇ ನಿಂತೆ. ಅವರಲ್ಲಿ ಹಿರಿಯಳೊಬ್ಬಳು ಕೂಗಿದಳು, "ಯಾರ ಪೈಕಿ ಬೇ ನೀ? ಹಗ್ಗಾ ಹಿಡ್ಕೊಂಡ ನಿಂತಿ, ಎಮ್ಮಿ ಕಳಕೊಂಡೀ ಏನ?"

ಟಂಟಂನವರ ಹೆಂಡತಿ ಎಂದು ಹೇಳಿದೆ.

"ಅಯ್ಯ ಯವ್ವಾ! ಸೀಟಿ ಹೊಡ್ಯಾವ ಇದ್ನಲ್ಲ, ಅಂವನ ಹೇಂತಿಯಾ?"

ಅವರು ಸಿಳ್ಳೆ ಹಾಕುತ್ತಿದ್ದರೇ? ಮನೆಯಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ. ಸಂಜೆ ತೋಟದ ದಾರಿಗೆ ತಿರುಗುವಾಗ ಸೀಟಿ ಹೊಡೆಯುತ್ತ ಬರುತ್ತಿದ್ದರಂತೆ. ದಣಿದ ಹೆಂಗಸರು ಡಾಂಬರು ರಸ್ತೆಯ ತನಕ ನಡೆಯದಿರಲೆಂದು ಬದುವಿನ ತನಕ ಗಾಡಿ ತರುತ್ತಿದ್ದರಂತೆ. ಕತ್ತರಿಸಿದ ಕಡ್ಡಿ ಕೆಲಸದವರ ಪಾಲು. ಆ ಹೆಂಗಸರು ತಮ್ಮ ಪಾಲಿನಲ್ಲಿ ಒಂದು ಹೊರೆಯನ್ನು ಟಂಟಂ ಮೇಲೆ ಎಸೆಯುತ್ತಿದ್ದರು. "ಪುಕ್ಕಟ ಅಲ್ಲ ಬೇ. ಬಾಡಿಗಿ ಬ್ಯಾರೆ, ಬದುವಿನ ತನಾ ಬಂದದ್ದಕ್ಕ ಇದು," ಅಂದಳು ಹಿರಿಯಳು. ಸೆರಗಿನಿಂದ ಕಣ್ಣೊರೆಸಿಕೊಂಡು, ತನ್ನ ಬುತ್ತಿಯ ಅರ್ಧ ರೊಟ್ಟಿ ನನ್ನ ಕೈಗಿಟ್ಟಳು.

ಅಂದು ಎರಡು ಹೊರೆ ಕಟ್ಟಿ, ರಸ್ತೆಯ ತನಕ ಹೊತ್ತು ತಂದುಕೊಟ್ಟರು. ಬಸ್ಸು ಬಂತು. ಕಂಡಕ್ಟರ್ ಹೊರೆ ನೋಡಿದ.

"ಅಕ್ಕಾರ, ಹೆಣ್ಣಮಕ್ಕಳಿಗೆ ಟಿಕೇಟ ಇಲ್ರಿ, ಖರೇ. ಆದ್ರ ಕಟಗಿ ಹೆಣ್ಣೋ ಗಂಡೋ ನಂಗ ಗೊತ್ತಿಲ್ರಿ. ಒಳಗ ನಿಂದ್ರಾಕ ಜಾಗಾ ಇಲ್ಲ, ಇಳಸ್ರಿ."

ಬಸ್ಸಿನೊಳಗೆ ಎಲ್ಲರೂ ನಕ್ಕರು. ಬಸ್ಸು ಹೋಯಿತು. ನಾನು ಹೊರೆಯ ಮೇಲೆ ಕೂತುಬಿಟ್ಟೆ. ಹಿರಿಯಳು ಹತ್ತಿರ ಬಂದು, "ಕಟಗಿ ಬಸ್ಸಿನ್ಯಾಗ ಹೋಗೂದಿಲ್ಲ. ಹಿಟ್ಟ ಬರ್ತೈತಿಲ್ಲ?" ಅಂದಳು.

ನನಗೆ ಕೂಡಲೇ ಅರ್ಥವಾಗಲಿಲ್ಲ.

"ಹಿಟ್ಟ ತಗೊಂಡ ಬಾ. ಒಲಿ ನಮ್ಮ ಹಿತ್ತಲದಾಗ ಐತಿ. ನಿನ್ನ ರೊಟ್ಟಿ ಬಡಕೋ, ನಮ್ಮ ನಾಕ ಮನೀದೂ ಬಡಿ. ನಮಗೇನ ಗ್ಯಾಸ ಸೋವಿ ಐತೇನ? ದಿನಾ ಚಾಟಣಿ ಮಾಡಿ ಬಂದ ಮ್ಯಾಲ ರೊಟ್ಟಿ ಬಡಿಯಾಕ ರಟ್ಟಿ ಎಲ್ಲಿ ಇರ್ತಾವ?"

ಆ ವಾರವೇ ಹಿಟ್ಟಿನ ಚೀಲ ಹೊತ್ತು ಹೋದೆ. ಅತ್ತೆಯೂ ಬಂದರು, ಮನೆಯಲ್ಲಿ ಒಬ್ಬರೇ ಕೂರಲು ಒಪ್ಪಲಿಲ್ಲ. ನಾನು ಬಡಿದೆ, ಅತ್ತೆ ಕೆಂಡದ ಸುತ್ತ ರೊಟ್ಟಿ ನಿಲ್ಲಿಸಿದರು. ಹಳೆಯ ಉರಿ ಕೈಗೆ ಸಿಕ್ಕಿದ ಸಂತೋಷಕ್ಕೆ ನಾನು ಹೊತ್ತು ಮರೆತೆ. ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಇನ್ನೂ ಬಿಸಿ ಇದ್ದ ರೊಟ್ಟಿಯನ್ನೇ ಒಂದರ ಮೇಲೊಂದು ಒಟ್ಟಿ, ಅರಿವೆಯಲ್ಲಿ ಕಟ್ಟಿ ಓಡಿದೆವು. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯೂ ಮಾಡದ ತಪ್ಪು. ಮನೆಗೆ ಬಂದು ಗಂಟು ಬಿಚ್ಚಿದರೆ ಎಲ್ಲವೂ ಬೆವತು ಮೆತ್ತಗಾಗಿದ್ದವು. ಆ ವಾರ ಖಾನಾವಳಿಗೆ ಬರಿಗೈಯಲ್ಲಿ ಹೋಗಿ ಸುದ್ದಿ ಹೇಳಿ ಬಂದೆ. ಅವರು ಬೈಯಲಿಲ್ಲ, ಕ್ಯಾಲೆಂಡರ್ ಕಡೆ ನೋಡಿದರು. ಮನೆಯಲ್ಲಿ ಅತ್ತೆ ತಮ್ಮ ಸೀರೆಗಳನ್ನು ಬೇರೆ ಮಡಚಿಡತೊಡಗಿದ್ದರು. ಸಾಮಾನು ಒಯ್ಯಲು ಬರುವ ರವಿವಾರ ಗಾಡಿ ತರುತ್ತೇನೆಂದು ನನ್ನ ತಮ್ಮ ಫೋನು ಮಾಡಿದ್ದ.

ರವಿವಾರದ ಒಳಗೆ ಇನ್ನೊಂದು ಸಲ ಹೋದೆವು. ನಡೆದದ್ದನ್ನು ಕೇಳಿ ಹಿರಿಯಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬಿಸಿ ರೊಟ್ಟಿ ಕಟ್ಟಿದ್ರೇನ? ಅತ್ತಿ ಸೊಸಿ ಇಬ್ರೂ ಕೂಡೇ ಕಟ್ಟಿದ್ರೇನ?" ಆಮೇಲೆ ನಮ್ಮನ್ನು ತೋಟದ ಮಣೂಕದ ಶೆಡ್ಡಿಗೆ ಕರೆದೊಯ್ದಳು. ಅಲ್ಲಿ ದ್ರಾಕ್ಷಿಯನ್ನು ಬಲೆಗಳ ಮೇಲೆ ಹರವಿ ಒಣಗಿಸಿ ಮಣೂಕ ಮಾಡುತ್ತಾರೆ. ಆ ವರ್ಷದ ಮಾಲು ಮಾರಿ, ಬಲೆಗಳು ಖಾಲಿ ಇದ್ದವು. ತೋಟದವರನ್ನು ಕೇಳಿದೆವು. "ಇಲಿ ಬರದಂಗ ನೋಡ್ಕೋರಿ, ಅಷ್ಟ," ಅಂದರು.

ಬಲೆಯ ಮೇಲೆ ಹಳೆಯ ಸೀರೆ ಹಾಸಿ, ಬೆಂದ ರೊಟ್ಟಿಗಳನ್ನು ಹರವಿದೆವು. ನೆರಳು, ಕೆಳಗೂ ಮೇಲೂ ಒಣ ಗಾಳಿ. ಕೆಂಡವೂ ಬೇಕಾಗಲಿಲ್ಲ. ಸಂಜೆ ಬಸ್ಸಿನ ಹೊತ್ತಿಗೆ ಒಂದೊಂದೂ ಬೆರಳು ತಾಗಿದರೆ ಟಣ್ ಎನ್ನುವಂತಿತ್ತು. ಬಸ್ಸಿನಲ್ಲಿ ಅದೇ ಕಂಡಕ್ಟರ್. ಬುಟ್ಟಿ ನೋಡಿ, "ಈ ಸಲ ಕಟಗಿನ್ನ ರೊಟ್ಟಿ ಮಾಡ್ಕೊಂಡ ಬಂದೀರೇನ್ರಿ?" ಅಂದ. ಅತ್ತೆ ಅವನ ಕೈಗೆ ಒಂದು ರೊಟ್ಟಿ ಇಟ್ಟರು.

ಖಾನಾವಳಿಯವರು ರೊಟ್ಟಿ ಮುರಿದರು. ಊಟಕ್ಕೆ ಕೂತವರು ತಿರುಗಿ ನೋಡುವಷ್ಟು ಸಪ್ಪಳವಾಯಿತು. ಒಂದು ತುಂಡು ಮೂಸಿ ಬಾಯಿಗೆ ಹಾಕಿಕೊಂಡರು. "ಏನೋ ಒಂದ ನಮೂನಿ ಮಣೂಕದ ಗಮಾ ಐತಲ್ರಿ? ಇರಲಿ, ಇರಲಿ. ಮುಂದಿನ ವಾರದಿಂದ ಇನ್ನಷ್ಟ ತರ್ರಿ," ಅಂದರು.

ರವಿವಾರ ನನ್ನ ತಮ್ಮ ಗಾಡಿ ತಂದ. ಅವನಿಗೆ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಬಡಿಸಿದೆ. ಉಂಡು, "ಸಾಮಾನ ಎಲ್ಲಿ ಅದಾವಕ್ಕಾ?" ಅಂದ. ನಾನು ಹೇಗೆ ಹೇಳಲಿ ಎನ್ನುವಷ್ಟರಲ್ಲಿ ಅತ್ತೆ ಹೇಳಿದರು: "ನಿಮ್ಮಕ್ಕ ಬರಾಕ ಆಗೂದಿಲ್ಲ ತಮ್ಮಾ. ಹೊನವಾಡದಾಗ ನಾಕ ಮನಿ ರೊಟ್ಟಿ ಅದಾವ, ಇಲ್ಲಿ ಖಾನಾವಳಿ ಐತಿ. ಆಕಿ ಬರಲಿಲ್ಲಂದ್ರ ನಾನೂ ಎಲ್ಲೂ ಹೋಗೂದಿಲ್ಲ."

ತಮ್ಮ ನನ್ನ ಮುಖ ನೋಡಿದ. ನನಗೆ ಅಳು ಬಂದಿತ್ತು, ಆದರೆ ಅದು ಬೇರೆ ಅಳು ಎಂದು ಅವನಿಗೆ ತಿಳಿಯಿತೆಂದು ಕಾಣುತ್ತದೆ. "ಹಂಗಾರ ಖಾಲಿ ಗಾಡಿ ಒಯ್ಯಲೇನ? ನಾಕ ರೊಟ್ಟಿ ಆದ್ರೂ ಕಟ್ಟ," ಅಂದ.

ಗ್ಯಾಸು ಇವತ್ತಿಗೂ ತುಟ್ಟಿಯೇ. ನಾವು ಅದನ್ನು ಚಹಾಕ್ಕೆ, ಪಲ್ಯಕ್ಕೆ ಇಟ್ಟುಕೊಂಡಿದ್ದೇವೆ. ಅವರಿಲ್ಲದ ಮನೆ ದೊಡ್ಡದೆನಿಸುತ್ತದೆ; ಅದೇನೂ ಕಡಿಮೆಯಾಗಿಲ್ಲ. ಆದರೆ ಅವರಿಗೆ ಪರಿಚಯವಿದ್ದವರು ಈಗ ನನಗೂ ಪರಿಚಯ. ಇದಕ್ಕಾಗಿ ಯಾರಿಗೆ ಕೈ ಮುಗಿಯಬೇಕೆಂದು ತಿಳಿಯದೆ ಎಲ್ಲರಿಗೂ ಮುಗಿಯುತ್ತೇನೆ. ಆ ರವಿವಾರ ತಮ್ಮನ ಗಾಡಿ ಓಣಿ ತಿರುಗಿದ ಮೇಲೆ ಅತ್ತೆ ಒಳಗೆ ಹೋಗಿ ಮಡಚಿಟ್ಟ ಸೀರೆಗಳನ್ನು ಮತ್ತೆ ಹಲಗೆಯ ಮೇಲಿಟ್ಟರು. ನಾನು ಜೋಳದ ಚೀಲ ಎತ್ತಿಕೊಂಡು ಗಿರಣಿಗೆ ಹೋದೆ.