ಜವರಮ್ಮನ ಬಿಸಿಲ ಪರೀಕ್ಷೆ

ಜವರಮ್ಮನ ಎಡಗೈ ಒಳಭಾಗದಲ್ಲಿ ಬಾಲ್‌ಪೆನ್ನಿನಿಂದ ಬರೆದ ನಾಲ್ಕು ಚೌಕಗಳು ಸದಾ ಇರುತ್ತಿದ್ದವು. ಹುಣಸೂರಿನ ಹೊರಗೆ ನಾನಿದ್ದ ಸಣ್ಣ ಫೇಸ್‌ಕ್ರೀಮ್ ಕಾರ್ಖಾನೆಯಲ್ಲಿ ಅವರು ಸೊಪ್ಪು, ಬೇರು ಸೋಸುವವರು. ಕ್ರೀಮಿಗೆ ಹಾಕುವ ಸಾರವನ್ನೆಲ್ಲ ಒಂದೊಂದು ಚೌಕಕ್ಕೆ ಹಚ್ಚಿ, ಬಟ್ಟೆ ಕಟ್ಟಿಕೊಂಡು, ಎರಡು ದಿನ ಅಲ್ಲಿಗೆ ನೀರು ಸೋಕಿಸುತ್ತಿರಲಿಲ್ಲ. ಸುರಕ್ಷತೆಯ ವರದಿ ಬರೆದು ಸಹಿ ಹಾಕುವುದು ಎಂ.ಎಸ್ಸಿ ಓದಿದ ನನ್ನ ಕೆಲಸ. ತುರಿಕೆ ಮಾತ್ರ ಅವರ ಪಾಲಿನದು.

"ಗಿಡದ್ದು, ಏನೂ ಆಗಲ್ಲ" ಎಂದು ಮಾಲೀಕರು ಅಂದಾಗಲೆಲ್ಲ ಜವರಮ್ಮ ತಲೆ ಎತ್ತದೆ, "ಕಳ್ಳಿ ಹಾಲೂ ಗಿಡದ್ದೇ ಕಣ್ರೀ, ಕಣ್ಗೆ ಬುಟ್ಕಂಡು ನೋಡಿ" ಅನ್ನುತ್ತಿದ್ದರು. ಒಮ್ಮೆ ಯಾವುದೋ ಬೇರಿನ ಸಾರಕ್ಕೆ ಅವರ ಕೈ ಬೊಬ್ಬೆ ಎದ್ದಿತು. ನಾನು ಆ ಬೇರನ್ನು ಕೈಬಿಡಿಸಿದೆ. ಅವತ್ತು ಅವರು ಆ ಬೊಬ್ಬೆಯನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಕೊಂಡು ಬಂದರು.

ಆಮೇಲೆ ನಿಂಬೆ ಸಿಪ್ಪೆಯ ಎಣ್ಣೆ ಬಂತು. ಬಟ್ಟೆ ಬಿಚ್ಚಿದರೆ ಚರ್ಮ ತಣ್ಣಗಿತ್ತು. ನಾನು ವರದಿ ಬರೆಯಲು ಕೂತೆ.

"ಮುಚ್ಚಿಟ್ಕಂಡು ನೋಡುದ್ರೆ ಏನ್ ಗೊತ್ತಾದದು ಮೇಡಂ? ಇದ ಬಳ್ಕಳೋರು ಬಿಸ್ಲಲ್ಲಿ ಓಡಾಡಲ್ವ?" ಎಂದವರೇ ಮತ್ತೆ ಎಣ್ಣೆ ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಕೈ ಚಾಚಿ ಕೂತರು. ಎರಡು ದಿನಕ್ಕೆ ಆ ಜಾಗ ಕೆಂಪಗೆ ಉರಿಯಿತು. ವಾರದೊಳಗೆ ಸೀದ ರೊಟ್ಟಿಯಂತೆ ಕಪ್ಪಾಯಿತು.

ನಿಂಬೆ ಎಣ್ಣೆ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆಂದು ನಾನೂ ಓದಿದ್ದೆ. ಆದರೆ ಆ ಕ್ರೀಮಿನ ಹೆಸರು ಅಚ್ಚಾದ ಖಾಲಿ ಡಬ್ಬಿಗಳು ಆಗಲೇ ಬಂದಿಳಿದಿದ್ದವು. "ಒಬ್ಬ ಹೆಂಗಸಿನ ಕೈ ನಂಬ್ಕೊಂಡು ಕೆಲಸ ನಿಲ್ಲಿಸೋಕಾಗುತ್ತಾ?" ಅಂದರು ಮಾಲೀಕರು. ನೌಕರಿ ಹೋದೀತೆಂದು ಹೆದರಿ 'ತೊಂದರೆ ಕಂಡುಬಂದಿಲ್ಲ' ಎಂದು ಬರೆದು ಸಹಿ ಹಾಕಿದೆ. ಅದನ್ನು ಜವರಮ್ಮನಿಗೆ ಹೇಳಲಿಲ್ಲ. ಅದೇ ತಿಂಗಳು, ಕೈ ಮೇಲೆ ಕಲೆ ಇರುವವರು ಸೊಪ್ಪು ಮುಟ್ಟಬಾರದೆಂದು ಅವರನ್ನು ಕೆಲಸದಿಂದ ಬಿಡಿಸಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಹೇಡಿತನ ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಕಡೆಯ ಸಲ ಅವರು ಸಿಕ್ಕಿದ್ದು ಪಿರಿಯಾಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ. ಜೊತೆಗೆ, ಹೊಗೆಸೊಪ್ಪಿನ ಹೊಲಕ್ಕೆ ಕೂಲಿಗೆ ಹೋಗುವ ಮಗಳಿದ್ದಳು. ಆಕೆಯ ಎರಡೂ ಕೆನ್ನೆ ಕಪ್ಪಿಟ್ಟಿದ್ದವು.

"ನಮ್ ಕ್ರೀಮೇ ಮೇಡಂ. ನೀವು ನನ್ ಕೈ ನೋಡಿದ್ರಲ್ಲ, ಆ ನಿಂಬೆಣ್ಣೆ ತಗ್ಸಿರ್ತೀರಿ ಅಂತ ನಾನೇ ಇವ್ಳಿಗೆ ತಂದ್ಕೊಟ್ಟೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಇನ್ಯಾವ್ ಸೊಪ್ಪು ಇಂಗೆ ಮಾಡ್ತೋ, ನೀವು ಓದ್ದೋರು, ಒಸಿ ನೋಡಿ ಏಳಿ."

"ನೋಡ್ತೀನಿ ಜವರಮ್ಮ" ಎಂದು ನಾನು ಬಸ್ ಹತ್ತಿದೆ.